ಪುರಾತನ ಆಯುಧ ಸಂಗ್ರಹವೂ ಧರ್ಮವಿವೇಕವೂ

ಹಿಂಸೆಗಾಗಿಯೇ ನಿರ್ಮಿತವಾದ ವಸ್ತುವನ್ನು ಪ್ರೀತಿಯಿಂದ ಕಾಪಾಡುವುದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಸುಲಭವಾಗಿ ತೋರುತ್ತದೆ. ಅಯುಕ್ತವೆಂದು ಹೇಳಿಬಿಟ್ಟರೆ ಮುಗಿಯಿತು. ಆದರೆ ಐರ್ಲೆಂಡ್ ದೇಶದ ಹಳೆಯ ಕೋವಿ, ಪಿಸ್ತೂಲುಗಳನ್ನು ಸಂಗ್ರಹಿಸಿ, ಅವನ್ನು ಮಾಡಿದ ಕುಶಲಿಗಳ ಚರಿತ್ರೆಯನ್ನು ಶೋಧಿಸುವವರ ವ್ಯಾಸಂಗವನ್ನು ಗಮನಿಸಿದರೆ ಉತ್ತರವು ಅಷ್ಟು ಸುಲಭವಲ್ಲವೆಂದು ವೇದ್ಯವಾಗುತ್ತದೆ.

ಇಂತಹ ಸಂಗ್ರಾಹಕನು ಕೋವಿಯನ್ನು ಹಾರಿಸಬೇಕೆಂದು ಕೊಳ್ಳುವವನಲ್ಲ. ತುಕ್ಕಿನ ಕೆಳಗೆ ಅಡಗಿರುವ ಒಂದು ಹೆಸರನ್ನು ಓದುವುದೇ ಅವನ ಸಂತೋಷ. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಕೀಲಿನ ತಗಡಿನ ಮೇಲೆ ಹೆಸರೂ ಊರೂ ಕೊರೆದಿರುತ್ತವೆ. ಆ ಹೆಸರನ್ನು ಹಿಡಿದು ಅವನು 1751ರಿಂದ ಡಬ್ಲಿನ್ ನಗರದಲ್ಲಿ ವಿಲ್ಸನ್ ಎಂಬಾತನು ಪ್ರಕಟಿಸತೊಡಗಿದ ವರ್ತಕರ ನಾಮಾವಳಿಯನ್ನು ಮಗುಚುತ್ತಾನೆ. ಆ ಕುಶಲಿಯು ಯಾವ ಬೀದಿಯಲ್ಲಿದ್ದನು, ಯಾವ ವರ್ಷದಲ್ಲಿ ಅಂಗಡಿಯನ್ನು ಬದಲಿಸಿದನು ಎಂಬುದು ತಿಳಿದರೆ ಕೋವಿಯ ಕಾಲವೂ ತಿಳಿದಂತೆ. 1843ರ ಆಯುಧ ಕಾನೂನಿನ ಮೇರೆಗೆ ಐರ್ಲೆಂಡಿನ ಕೋವಿಗಳ ಮೇಲೆ ಪ್ರಾಂತದ ಅಕ್ಷರಗಳನ್ನೂ ಅಂಕೆಗಳನ್ನೂ ಒತ್ತಬೇಕಾಯಿತು. ಪ್ರಜೆಗಳನ್ನು ನಂಬದ ಪ್ರಭುತ್ವವು ಹೊಡೆಸಿದ ಆ ಗುರುತೇ ಈಗ ವಿದ್ವಾಂಸನಿಗೆ ಸಹಾಯಕವಾಗಿದೆ, ಕಾಲದ ವಿನೋದವೆನ್ನಬೇಕು.

ಕುಶಲಿಗಳಲ್ಲಿ ಹೆಸರಾದ ಮನೆತನವು ರಿಗ್ಬಿಯವರದು. ಜಾನ್ ರಿಗ್ಬಿಯು 1775ರಲ್ಲಿ ಡಬ್ಲಿನ್ನಿನಲ್ಲಿ ಅಂಗಡಿಯನ್ನಿಟ್ಟನೆಂದು ಆ ಸಂಸ್ಥೆಯು ತನ್ನ ಚರಿತ್ರೆಯನ್ನು ಎಣಿಸುತ್ತದೆ. ಅದೇ ವಂಶದ ಮತ್ತೊಬ್ಬ ಜಾನ್ ರಿಗ್ಬಿಯು 1887ರಲ್ಲಿ ಎನ್‌ಫೀಲ್ಡಿನ ಸರ್ಕಾರೀ ಬಂದೂಕು ಕಾರ್ಖಾನೆಗೆ ಮೇಲ್ವಿಚಾರಕನಾದನು. ನಳಿಗೆಯನ್ನು ಕೂದಲೆಳೆಯಷ್ಟೂ ವಕ್ರವಾಗದಂತೆ ಕೊರೆಯುವುದು, ಮರದ ಹಿಡಿಯಲ್ಲಿ ಕಬ್ಬಿಣವನ್ನು ಸಂದು ತೋರದಂತೆ ಕೂರಿಸುವುದು ವರ್ಷಗಟ್ಟಲೆ ಶಿಷ್ಯವೃತ್ತಿಯನ್ನು ಮಾಡಿದವನಿಗೆ ಮಾತ್ರ ಸಾಧ್ಯ. ಕಾಯಕದ ಬೆಲೆಯನ್ನು ಬಲ್ಲವರು ಆ ಕೈಗಳನ್ನು ತಿರಸ್ಕರಿಸಲಾರರು.

ಆದರೆ ಆ ಶಿಷ್ಯವೃತ್ತಿಯು ಎಲ್ಲರಿಗೂ ದೊರೆಯುತ್ತಿರಲಿಲ್ಲ. 1695ರ ಶಾಸನವು ಕ್ಯಾಥೊಲಿಕರು ಆಯುಧವನ್ನಿಟ್ಟುಕೊಳ್ಳುವುದನ್ನು ನಿಷೇಧಿಸಿದುದಲ್ಲದೆ, ಕೋವಿ ಮಾಡುವವರು ಆ ಮತದ ಹುಡುಗರನ್ನು ಶಿಷ್ಯರನ್ನಾಗಿ ತೆಗೆದುಕೊಳ್ಳಕೂಡದೆಂದೂ ವಿಧಿಸಿತು. ದೇಶದ ಜನರಲ್ಲಿ ಬಹುಸಂಖ್ಯರು ಅವರೇ. ಆಸ್ತಿಯುಳ್ಳ ಕ್ಯಾಥೊಲಿಕರು ಕೆಲವು ನಿಬಂಧನೆಗಳೊಡನೆ ಆಯುಧವನ್ನಿಟ್ಟುಕೊಳ್ಳಬಹುದೆಂದು ಕಾನೂನು ಒಪ್ಪಿದ್ದು 1793ರಲ್ಲಿ. ಆದುದರಿಂದ ಸಂಗ್ರಾಹಕನು ಶ್ರಮಪಟ್ಟು ಸಿದ್ಧಗೊಳಿಸುವ ಕುಶಲಿಗಳ ಪಟ್ಟಿಯು ಪ್ರತಿಭೆಯ ಪಟ್ಟಿಯಾಗಿರದೆ, ಅನುಮತಿ ಪಡೆದವರ ಪಟ್ಟಿಯೂ ಆಗಿರುತ್ತದೆ. ಇದನ್ನು ಮರೆತು ಹೆಸರುಗಳನ್ನು ಮಾತ್ರ ಎಣಿಸುವವನ ಪಾಂಡಿತ್ಯವು ಅಪೂರ್ಣ.

ಇನ್ನು ವಸ್ತುವಿನ ಉಪಯೋಗದ ಮಾತು. 1777ರಲ್ಲಿ ಕ್ಲಾನ್ಮೆಲ್ ಊರಿನಲ್ಲಿ ಸೇರಿದ ಗೃಹಸ್ಥರು ದ್ವಂದ್ವಯುದ್ಧಕ್ಕೆ ನಿಯಮಗಳನ್ನೇ ಬರೆದರೆಂದು ಪ್ರತೀತಿ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿರುವ ಜೋಡಿ ಪಿಸ್ತೂಲುಗಳು ಇಂದು ಎಷ್ಟು ಸೌಮ್ಯವಾಗಿ ಕಂಡರೂ ಅವು ಹುಟ್ಟಿದ್ದು ಇದಕ್ಕೆ. ಐರ್ಲೆಂಡಿನ ಜನನಾಯಕನಾಗಿ ಪ್ರಖ್ಯಾತನಾದ ಡೇನಿಯಲ್ ಓಕಾನೆಲ್ಲನು 1815ರ ಫೆಬ್ರವರಿ 1ರಂದು ಡೆಸ್ಟೆರ್ ಎಂಬವನೊಡನೆ ಹೀಗೆ ನಿಂತನು. ಜಗಳವು ಡಬ್ಲಿನ್ ನಗರಸಭೆಯನ್ನು ಹಳಿದ ಒಂದು ಮಾತಿನಿಂದ ಹುಟ್ಟಿತು. ಡೆಸ್ಟೆರನು ಗುಂಡೇಟಿನಿಂದ ಎರಡು ದಿನಗಳಲ್ಲಿ ಮಡಿದನು. ಗೆದ್ದವನು ಮಡಿದವನ ಹೆಂಡತಿಗೆ ತನ್ನ ಆದಾಯದಲ್ಲಿ ಪಾಲು ಕೊಡಲು ಮುಂದಾದನು, ಆಕೆ ಒಪ್ಪಲಿಲ್ಲ. ಮಗಳಿಗೆಂದು ಒಂದು ವರ್ಷಾಶನವು ಮಾತ್ರ ಸ್ವೀಕೃತವಾಯಿತು. ಮುಂದೆ ದೇವಾಲಯಕ್ಕೆ ಹೋಗುವಾಗ ಓಕಾನೆಲ್ಲನು ಗುಂಡು ಹಾರಿಸಿದ ಬಲಗೈಯನ್ನು ಮುಚ್ಚಿಕೊಳ್ಳುತ್ತಿದ್ದನೆಂದು ಜನರು ಹೇಳುತ್ತ ಬಂದಿದ್ದಾರೆ. ಪಿಸ್ತೂಲನ್ನು ಕಾಪಾಡುವವನು ಈ ಕೈಯನ್ನೂ ಆ ವಿಧವೆಯನ್ನೂ ತನ್ನ ಟಿಪ್ಪಣಿಯಲ್ಲಿ ಕಾಪಾಡುವನಾದರೆ ಅವನ ಸಂಗ್ರಹಕ್ಕೆ ಧರ್ಮಬಾಧೆಯಿಲ್ಲ. ವಸ್ತುವಿನ ಹೊಳಪು ಅವರನ್ನು ಮರೆಸಿತೆಂದರೆ ಅದು ಅವನ ಕೈಯಲ್ಲಿಯೂ ಆಯುಧವೇ ಸರಿ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯು ಸತ್ಯದ ವಿಷಯದಲ್ಲಿ ಬರುತ್ತದೆ. ಹಿಂದಿನ ಚಕಮಕಿ ಕೋವಿಗಳನ್ನು ಎಷ್ಟೋ ಮಂದಿ ಕೇಪಿನ ಕೋವಿಗಳಾಗಿ ಮಾರ್ಪಡಿಸಿಕೊಂಡಿದ್ದರು. ಅವನ್ನು ಮತ್ತೆ ಚಕಮಕಿಗೆ ತಿರುಗಿಸಿದರೆ ಪೇಟೆಯಲ್ಲಿ ಬೆಲೆ ಏರುತ್ತದೆ. ತಿರುಗಿಸಿದೆನೆಂದು ಹೇಳಿ ಮಾರುವವನು ಪ್ರಾಮಾಣಿಕನು, ಹೇಳದವನು ಚೋರನು. ಮತ್ತೆ, ಬರ್ಮಿಂಗ್‌ಹ್ಯಾಮಿನ ಅನಾಮಧೇಯ ಕೆಲಸಗಾರರು ಮಾಡಿದ ಭಾಗಗಳ ಮೇಲೆ ಡಬ್ಲಿನ್ ಅಂಗಡಿಯವನ ಹೆಸರು ಕೊರೆದದ್ದೂ ಉಂಟು. ತನ್ನ ನೆಚ್ಚಿನ ಕೋವಿಯ ವಿಷಯದಲ್ಲಿ ಇದನ್ನು ಒಪ್ಪಿಕೊಳ್ಳುವುದು ಹಣ ಕೊಟ್ಟವನಿಗೆ ಎಷ್ಟು ಕಹಿಯೆಂಬುದನ್ನು ವಾಚಕರು ಊಹಿಸಬಹುದು.

ಸಂದೇಹವನ್ನು ಪರಿಹರಿಸಿಕೊಳ್ಳಲು ಪತ್ರಗಳನ್ನು ನೋಡೋಣವೆಂದರೆ ಅವುಗಳಲ್ಲಿ ಬಹುಭಾಗವಿಲ್ಲ. 1922ರ ಜೂನ್ 28ರಂದು ಅಂತರ್ಯುದ್ಧದ ಫಿರಂಗಿಗಳು ಡಬ್ಲಿನ್ನಿನ ನ್ಯಾಯಾಲಯ ಭವನದ ಮೇಲೆ ಗುಂಡಿನ ಮಳೆಗರೆದವು. 30ರಂದು ಅದರ ಬಳಿಯ ದಾಖಲೆಯ ಭಂಡಾರವು ಸ್ಫೋಟದಿಂದಲೂ ಬೆಂಕಿಯಿಂದಲೂ ನಾಶವಾಗಿ, ಶತಮಾನಗಳ ಬರಹವು ಬೂದಿಯಾಗಿ ನಗರದ ಮೇಲೆ ಹಾರಿತು. ಆಯುಧ ಮಾಡಿದವರ ಕಾಲದ ಕಾಗದಗಳನ್ನು ಆಯುಧವೇ ನುಂಗಿತು. ನೂರು ವರ್ಷಗಳ ತರುವಾಯ 2022ರಲ್ಲಿ, ಬೇರೆಡೆ ಉಳಿದಿದ್ದ ಪ್ರತಿಗಳನ್ನು ಒಟ್ಟುಗೂಡಿಸಿ ಆ ಭಂಡಾರವನ್ನು ಗಣಕಯಂತ್ರದಲ್ಲಿ ಪುನಃ ಕಟ್ಟುವ ಕಾರ್ಯವು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಶೋಧಕರು ಈಗ ಕಳೆದುಹೋದ ಹೆಸರುಗಳನ್ನು ಹುಡುಕುತ್ತಿದ್ದಾರೆ. ಶಿಷ್ಯರಾಗಲು ಬಾಗಿಲಿಗೆ ಬಂದು ಮತದ ಕಾರಣದಿಂದ ಹಿಂದಿರುಗಿದ ಹುಡುಗರ ಹೆಸರುಗಳು ಸುಟ್ಟ ಕಾಗದಗಳಲ್ಲಿಯೂ ಇದ್ದಿರಲಾರವು.