ಹಣೆಯ ಬೂದಿ

ತಪಸ್ಸುಕಾಲ ಶುರುವಾಗುವುದು ವಿಭೂತಿ ಬುಧವಾರದಿಂದ. ಅಂದು ಚರ್ಚಿನಲ್ಲಿ ಓದುವ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸು, ಉಪವಾಸವನ್ನು ಗುಟ್ಟಾಗಿಡಿ, ಮುಖ ತೊಳೆದುಕೊಳ್ಳಿ ಎನ್ನುತ್ತಾರೆ. ಅದಾದ ಸ್ವಲ್ಪ ಹೊತ್ತಿಗೇ ಗುರುಗಳು ಎಲ್ಲರ ಹಣೆಗೆ ಬೂದಿ ಹಚ್ಚುತ್ತಾರೆ. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲವೇ?

ಹೋದ ವರ್ಷ ಈ ಕಾಲದಲ್ಲಿ ನಾನು ಚಹಾ ಬಿಟ್ಟಿದ್ದೆ. ಮೂರನೆಯ ದಿನಕ್ಕೆ ಹಾಸ್ಟೆಲಿಗೆಲ್ಲ ಸುದ್ದಿ ಗೊತ್ತಿತ್ತು, ಹೇಳಿದವನು ನಾನೇ. ಚಹಾಕ್ಕಿಂತ ಹೊಗಳಿಕೆ ರುಚಿಸಿತು.

ಆ ಬೂದಿ ಸಾಮಾನ್ಯವಾಗಿ ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹಿಡಿದ ಗರಿಗಳನ್ನು ಸುಟ್ಟು ಮಾಡಿದ್ದು. ಜಯಘೋಷದ ಗರಿಯೇ ಬೂದಿಯಾಗಿ ಬರುತ್ತದೆ. ಅದು ಯಾರ ಸಾಧನೆಯನ್ನೂ ಸಾರುವುದಿಲ್ಲ. ಎಲ್ಲರೂ ಮಣ್ಣಿಗೆ ಮರಳುವವರು ಎಂದಷ್ಟೇ ನೆನಪಿಸುತ್ತದೆ. ಉಪವಾಸದ ಪ್ರದರ್ಶನ ನನ್ನನ್ನು ಉಳಿದವರಿಗಿಂತ ಮೇಲೆ ನಿಲ್ಲಿಸುತ್ತದೆ, ಬೂದಿ ಅವರ ಸಾಲಿನಲ್ಲೇ ನಿಲ್ಲಿಸುತ್ತದೆ. ಹಾಗಾಗಿ ವಿರೋಧವಿಲ್ಲ.

ಭಾನುವಾರಗಳನ್ನು ಬಿಟ್ಟು ಎಣಿಸುವ ಈ 40 ದಿನಗಳಲ್ಲಿ ಪ್ರಾರ್ಥನೆ, ಉಪವಾಸಗಳ ಜೊತೆಗೆ ದಾನವೂ ಇದೆ. ನಾನು ಉಳಿಸಿದ ಚಹಾದ ದುಡ್ಡು ಯಾರಿಗೂ ಹೋಗಲಿಲ್ಲ, ನನ್ನ ಜೇಬಿನಲ್ಲೇ ಕರಗಿತು. ಬಿಟ್ಟದ್ದು ಇನ್ನೊಬ್ಬರ ತಟ್ಟೆ ತಲುಪದಿದ್ದರೆ ಅದು ಪಥ್ಯವಾದೀತು, ತಪಸ್ಸಾಗದು.

ಈ ವರ್ಷ ಏನು ಬಿಡುತ್ತೇನೆಂದು ಇಲ್ಲಿ ಬರೆಯುವುದಿಲ್ಲ.