ಒಂದೇ ಜೀವದ ಆಟ

ಕಳೆದ ಬೇಸಿಗೆಯಲ್ಲಿ ತಂಗಿಯ ಮಗ ರಜೆಗೆಂದು ನಮ್ಮಲ್ಲಿಗೆ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಊಟ, ನಿದ್ದೆ ಬಿಟ್ಟರೆ ಉಳಿದ ಹೊತ್ತೆಲ್ಲ ಕಂಪ್ಯೂಟರಿನ ಮುಂದೆ. ಒಂದು ಮಧ್ಯಾಹ್ನ ನಾನು ಹಪ್ಪಳ ಒಣಹಾಕಿ ಒಳಗೆ ಬರುವಷ್ಟರಲ್ಲಿ ಕೋಣೆಯಿಂದ "ಅಯ್ಯೋ, ಸತ್ತೆ!" ಎಂಬ ಕೂಗು ಕೇಳಿಸಿತು. ಗಾಬರಿಯಿಂದ ಓಡಿದರೆ ಹುಡುಗ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಕಪ್ಪು ಪರದೆಯ ಮೇಲೆ ಗೆರೆಗಳಿಂದಲೇ ಬರೆದ ಒಂದು ಗೋರಿಕಲ್ಲು. ಅದರ ಮೇಲೆ ಅವನದೇ ಹೆಸರು!

"ಮೂರು ದಿನದಿಂದ ಆಡ್ತಿದ್ದೆ ದೊಡ್ಡಮ್ಮ. ಎಲ್ಲಾ ಹೋಯ್ತು."

"ಅದಕ್ಕೇನಂತೆ, ಸತ್ತ ಕಡೆಯಿಂದಲೇ ಮತ್ತೆ ಶುರು ಮಾಡು."

"ಅದಾಗಲ್ಲ. ಇದರಲ್ಲಿ ಇರೋದು ಒಂದೇ ಜೀವ."

ಅರವತ್ತು ದಾಟಿದ ಗೃಹಿಣಿಗೆ ಕಂಪ್ಯೂಟರ್ ಆಟದ ಗೊಡವೆ ಯಾಕೆ ಎಂದು ನೀವು ಕೇಳಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆದರೆ "ಒಂದೇ ಜೀವ" ಎಂಬ ಆ ಮಾತು ನನ್ನನ್ನು ಅವನ ಪಕ್ಕದ ಕುರ್ಚಿಯಲ್ಲಿ ಕೂರಿಸಿಬಿಟ್ಟಿತು.

ಆಟದ ಹೆಸರು ನೆಟ್‌ಹ್ಯಾಕ್. 1987ರಲ್ಲಿ ಮೊದಲು ಬಂದದ್ದಂತೆ, ಅಂದರೆ ಈ ಹುಡುಗ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು. ಅದರ ಮೂಲ ಇನ್ನೂ ಹಿಂದಿನದು. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ವಿದ್ಯಾರ್ಥಿಗಳಾಗಿದ್ದ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ಹುಡುಗರು 'ರೋಗ್' ಎಂಬ ಆಟ ಕಟ್ಟಿದರು. ಆಮೇಲೆ ಬರ್ಕ್ಲಿಯ ಕೆನ್ ಆರ್ನಾಲ್ಡ್ ಎಂಬಾತ ಅವರ ಜೊತೆ ಸೇರಿದ. ಅಂದಿನ ಕಂಪ್ಯೂಟರುಗಳಲ್ಲಿ ಚಿತ್ರ ತೋರಿಸುವುದು ಸುಲಭವಿರಲಿಲ್ಲ. ಅಕ್ಷರಗಳಲ್ಲೇ ಎಲ್ಲವನ್ನೂ ತೋರಿಸಿದರು. ಇಮೇಲ್ ವಿಳಾಸದ ನಡುವೆ ಬರೆಯುತ್ತೇವಲ್ಲ, ಆ ಸುರುಳಿ ಚಿಹ್ನೆಯೇ ಆಡುವವನು. ಇಂಗ್ಲಿಷಿನ ಎ ಇಂದ ಝಡ್‌ವರೆಗಿನ ಅಕ್ಷರಗಳು ರಾಕ್ಷಸರು. ನೆಲಮಾಳಿಗೆಯಲ್ಲಿ ಒಂದೊಂದೇ ಅಂತಸ್ತು ಇಳಿದು ಹೋಗಿ, ಆಳದಲ್ಲಿರುವ ಒಂದು ತಾಯಿತವನ್ನು ಹೊತ್ತು ಮೇಲಕ್ಕೆ ಬರಬೇಕು. ಪ್ರತಿ ಸಲ ಆಡುವಾಗಲೂ ನೆಲಮಾಳಿಗೆಯ ದಾರಿ ಬೇರೆಯಾಗಿರುತ್ತದೆ. ಕಟ್ಟಿದವನಿಗೂ ಮುಂದೇನೆಂದು ತಿಳಿಯದು. ಆ ಆಟದ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಈಗ ದೊಡ್ಡ ವಂಶವೇ ಆಗಿದೆ. ಇಂದಿನ ಹುಡುಗರೂ ಆ ಹಳೆಯ ಚಹರೆಯಲ್ಲೇ ಹೊಸ ಆಟ ಕಟ್ಟುತ್ತಾರಂತೆ.

ನನಗೆ ಹಿಡಿಸಿದ ಸಂಗತಿ ಬೇರೆ. ಈ ಆಟದಲ್ಲಿ ಅವಸರವೆಂಬುದೇ ಇಲ್ಲ. ನೀವು ಕೀಲಿ ಒತ್ತುವವರೆಗೆ ಎದುರಿಗಿರುವ ರಾಕ್ಷಸನೂ ಕದಲದೆ ನಿಂತಿರುತ್ತಾನೆ. ಹೋಗಿ ಕಾಫಿ ಕುಡಿದು, ಸ್ನಾನ ಮುಗಿಸಿ, ಯೋಚಿಸಿ ಬಂದರೂ ಅವನು ಅಲ್ಲೇ. ಇಷ್ಟು ಬಿಡುವಿದ್ದೂ ಜನ ಸಾಯುವುದು ಹೆಚ್ಚಾಗಿ ಅವಸರದಿಂದಲೇ ಅಂತೆ! ಸತ್ತ ಮೇಲೆ "ನಾನು ಎಂಥ ಪೆದ್ದುತನದಿಂದ ಸತ್ತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಆಡುವವರಲ್ಲಿ ಒಂದು ಸಂಪ್ರದಾಯವಾಗಿದೆ.

ನಮ್ಮ ಹುಡುಗ ಸತ್ತದ್ದೂ ಹಾಗೆಯೇ. ನೆಲಮಾಳಿಗೆಯಲ್ಲಿ ತೇಲುವ ಕಣ್ಣು ಎಂಬ ಒಂದು ಜೀವಿ ಇದೆ. ಅದು ತಾನಾಗಿ ಯಾರ ಮೇಲೂ ಏರಿ ಬರುವುದಿಲ್ಲ. ನಿಧಾನವಾಗಿ ತೇಲಾಡುತ್ತಿರುತ್ತದೆ, ಅಷ್ಟೇ. ಆದರೆ ನೀವು ಅದಕ್ಕೆ ಹೊಡೆದಿರೋ, ಅದರ ನೋಟಕ್ಕೆ ಸಿಕ್ಕಿ ಮೈ ಮರಗಟ್ಟಿ ನಿಂತುಬಿಡುತ್ತೀರಿ. ಆಗ ದಾರಿಯಲ್ಲಿ ಹೋಗುವ ಇಲಿ ಹೆಗ್ಗಣಗಳೂ ಬಂದು ಕಚ್ಚಿ ಸಾಯಿಸುತ್ತವೆ. "ಗೊತ್ತಿತ್ತು ದೊಡ್ಡಮ್ಮ, ಅದಕ್ಕೆ ಹೊಡೀಬಾರದು ಅಂತ. ದಾರಿಗೆ ಅಡ್ಡ ಇತ್ತು, ಸಿಟ್ಟು ಬಂತು," ಎಂದ.

ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ತೆಗೆದ. ಆಟವನ್ನು ಅರ್ಧಕ್ಕೆ ಉಳಿಸಿ ಎದ್ದು ಹೋಗಬಹುದು. ಆದರೆ ಮತ್ತೆ ಬಂದು ತೆರೆದ ಕೂಡಲೇ ಉಳಿಸಿಟ್ಟದ್ದು ಅಳಿಸಿಹೋಗುತ್ತದೆ. ಸತ್ತರೆ ಹಿಂದಕ್ಕೆ ಹೋಗುವ ದಾರಿ ಇರಬಾರದೆಂದೇ ಆ ಏರ್ಪಾಡು. ಬುದ್ಧಿವಂತರು ಉಳಿಸಿಟ್ಟದ್ದರ ನಕಲೊಂದನ್ನು ಬೇರೆ ಕಡೆ ಅಡಗಿಸಿಡುತ್ತಾರೆ. ಸತ್ತರೆ ನಕಲನ್ನು ತಂದು ಹಾಕಿ, ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಾರೆ. "ಹಾಸ್ಟೆಲಿನಲ್ಲಿ ಇದಕ್ಕೇ ದೊಡ್ಡ ಜಗಳ. ಯಾರಿಗೂ ನಷ್ಟ ಇಲ್ಲ, ಯಾರೂ ನೋಡೋದೂ ಇಲ್ಲ. ಆದರೂ ಮೋಸ ಅಂತಾರೆ. ಮೋಸವಾ ದೊಡ್ಡಮ್ಮ?"

ಅವನ ಗೆಳೆಯರ ಅಭಿಪ್ರಾಯಗಳನ್ನೂ ಒಪ್ಪಿಸಿದ. ಒಬ್ಬನ ಪ್ರಕಾರ, ಸಾವು ನಿಜವಾದ ಸಾವಾಗಿರುವುದರಿಂದಲೇ ಇಡುವ ಒಂದೊಂದು ಹೆಜ್ಜೆಗೂ ಬೆಲೆ. ಹಿಂದಿರುಗಬಹುದಾದರೆ ಎಚ್ಚರ ಯಾಕೆ, ಧೈರ್ಯ ಯಾಕೆ? ಇನ್ನೊಬ್ಬನಿಗೆ ಇದು ಬರೀ ಕ್ರೌರ್ಯ. ದುಡಿದು ದಣಿದು ಬಂದವನ ಹತ್ತು ಗಂಟೆಯ ಶ್ರಮವನ್ನು ಒಂದು ತಪ್ಪಿಗೆ ಕಿತ್ತುಕೊಳ್ಳುವುದು ಯಾವ ನ್ಯಾಯ? ಮೂರನೆಯವನದು ಅದೃಷ್ಟದ ವಾದ: ದಾಳ ಕೆಟ್ಟದಾಗಿ ಬಿದ್ದರೆ ನನ್ನದೇನು ತಪ್ಪು?

ನನಗೆ ಮೂವರ ಮಾತಿನಲ್ಲೂ ಹುರುಳು ಕಂಡಿತು. ಚೌಕಾಬಾರ ಆಡುತ್ತ ಬೆಳೆದವಳು ನಾನು. ಕವಡೆ ಕೈಕೊಡುವುದು ನನಗೆ ಗೊತ್ತು. ಆದರೆ ಹುಡುಗ ಹೇಳಿದ ಒಂದು ವಿವರದಲ್ಲಿ ಉತ್ತರವೂ ಇತ್ತು. ನೆಟ್‌ಹ್ಯಾಕ್ ಕಟ್ಟಿದವರು ಕಲಿಯುವವರಿಗೆಂದು ಒಂದು ಪ್ರತ್ಯೇಕ ಬಾಗಿಲು ಇಟ್ಟಿದ್ದಾರೆ. ಆ ಬಾಗಿಲಿನಿಂದ ಹೊಕ್ಕವನಿಗೆ ಸಾಯುವ ಹೊತ್ತಿಗೆ "ಸಾಯುತ್ತೀಯಾ?" ಎಂದು ಕೇಳುತ್ತದೆ, ಇಲ್ಲ ಎಂದರೆ ಬದುಕು. ಷರತ್ತು ಒಂದೇ: ಆ ಆಟದ ಅಂಕ ಗೆದ್ದವರ ಪಟ್ಟಿಗೆ ಸೇರುವುದಿಲ್ಲ.

"ನೋಡು, ಹಿಂದಕ್ಕೆ ಹೋಗೋದು ಮೋಸ ಅಲ್ಲ," ಎಂದೆ. "ಹಿಂದಕ್ಕೆ ಹೋಗಿಯೂ ಹೋಗಲಿಲ್ಲ ಅಂತ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ತೀಯಲ್ಲ, ಅದು ಮೋಸ. ನಕಲು ಇಟ್ಟುಕೋ ಬೇಕಾದರೆ. ಗೆದ್ದೆ ಅನ್ನುವಾಗ ಹೇಗೆ ಗೆದ್ದೆ ಅಂತಲೂ ಹೇಳು."

ಹುಡುಗ ತಲೆಯಾಡಿಸಿದ. ದೊಡ್ಡಮ್ಮ ಭಾರೀ ತಿಳಿದವಳು ಎಂದುಕೊಂಡನೋ ಏನೋ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

1994ರ ಮಾತು. ನನ್ನ ಗಂಡನ ಅಕ್ಕ ಆಗ ನಮ್ಮೊಂದಿಗಿದ್ದರು. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಅತ್ತಿಗೆ ಯಾರ ತಂಟೆಗೂ ಹೋದವರಲ್ಲ. ಅಡುಗೆಮನೆ, ಹಿತ್ತಲು, ದೇವರ ದೀಪ, ಇಷ್ಟೇ ಅವರ ಪ್ರಪಂಚ. ಒಂದು ಸಂಜೆ ನನ್ನ ಮಗನಿಗೆಂದು ತೆಗೆದಿಟ್ಟ ಹಾಲನ್ನು ಪಕ್ಕದ ಮನೆಯ ಮಗು ಅತ್ತಿತೆಂದು ಕೊಟ್ಟುಬಿಟ್ಟಿದ್ದರು. ನನಗೆ ಅಂದು ಬೇರೆ ಯಾವುದೋ ಸಿಟ್ಟು. "ಹೀಗೆ ದಾನ ಮಾಡೋದಕ್ಕೆ ಇದೇನು ನಿಮ್ಮ ಮನೆಯೇ?" ಎಂದುಬಿಟ್ಟೆ. ಅವರು ಹುರುಳಿಕಾಯಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ. ಕೊನೆಯ ಕಾಯಿಯವರೆಗೂ ಹೆಚ್ಚಿ ಮುಗಿಸಿ, ಮಣೆ ತೊಳೆದಿಟ್ಟು ಎದ್ದರು. ವಾರದೊಳಗೆ ದೂರದ ಸಂಬಂಧಿಕರ ಮನೆಗೆಂದು ಹೊರಟವರು ತಿರುಗಿ ಬರಲಿಲ್ಲ. ಮೂರು ವರ್ಷದ ಮೇಲೆ ಅಲ್ಲೇ ತೀರಿಕೊಂಡರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನನಗೆ ತಿಳಿಯದ್ದೇನಲ್ಲ. ಅಂದು ನನ್ನನ್ನು ಯಾರೂ ಅವಸರಪಡಿಸಿರಲಿಲ್ಲ. ನಾನು ಬಾಯಿ ತೆರೆಯುವವರೆಗೆ ಪ್ರಪಂಚವೆಲ್ಲ ಸುಮ್ಮನೆ ಕಾಯುತ್ತಿತ್ತು. ಎಷ್ಟು ರಾತ್ರಿಗಳಲ್ಲಿ ಆ ಅಡುಗೆಮನೆಗೆ ಮರಳಿ ಹೋಗಿದ್ದೇನೋ! ಹೋದಾಗಲೆಲ್ಲ ಬೇರೆ ಮಾತು ಆಡುತ್ತೇನೆ. "ಹೋಗಲಿ ಬಿಡಿ ಅತ್ತಿಗೆ, ಮಗುವಿಗೆ ತಾನೇ," ಎನ್ನುತ್ತೇನೆ. ಅವರು ನಗುತ್ತಾರೆ. ಬೆಳಗಾದರೆ ಹುರುಳಿಕಾಯಿಯ ಮಣೆ ಬರಿದಾಗಿಯೇ ಇರುತ್ತದೆ.

ಇಷ್ಟೇ ಆಗಿದ್ದರೆ ಅದು ಬರೀ ಪಶ್ಚಾತ್ತಾಪವಾಗಿರುತ್ತಿತ್ತು. ಅತ್ತಿಗೆ ಯಾಕೆ ಹೋದರೆಂದು ಯಾರು ಕೇಳಿದರೂ ನಾನು ಕೊಟ್ಟ ಉತ್ತರ ಒಂದೇ: "ಅವರಿಗೇ ಅಲ್ಲಿರಬೇಕು ಅನ್ನಿಸಿತು." ಗಂಡನಿಗೂ ಅದನ್ನೇ ಹೇಳಿದೆ. ಸೊಸೆ ಮನೆಗೆ ಬಂದಾಗ, ಗೋಡೆಯ ಮೇಲಿನ ಫೋಟೋ ನೋಡಿ ಕೇಳಿದವಳಿಗೂ ಅದನ್ನೇ. ಅತ್ತಿಗೆಯನ್ನು ಚೆನ್ನಾಗಿ ನೋಡಿಕೊಂಡವಳೆಂಬ ಹೆಸರು ನಮ್ಮ ಬಂಧುಬಳಗದಲ್ಲಿ ನನಗೆ ಇಂದಿಗೂ ಇದೆ. ಹುಡುಗನಿಗೆ ಉಪದೇಶ ಹೇಳಿದ ನಾನು ಮೂವತ್ತು ವರ್ಷದಿಂದ ನಕಲಿನ ಅಂಕಪಟ್ಟಿ ಇಟ್ಟುಕೊಂಡು ಕೂತಿದ್ದೆ.

ಮರುದಿನ ಹುಡುಗ ಹೊಸದಾಗಿ ಆಡುತ್ತಿದ್ದವನು ನನ್ನನ್ನು ಕೂಗಿ ಕರೆದ. "ಇಲ್ಲಿ ನೋಡಿ, ನನ್ನದೇ ಪ್ರೇತ!" ಈ ಆಟದಲ್ಲಿ ಸತ್ತ ಅಂತಸ್ತು ಕೆಲವು ಸಲ ಹಾಗೆಯೇ ಉಳಿದುಬಿಡುತ್ತದಂತೆ. ಮುಂದೆ ಬರುವವನಿಗೆ ಅಲ್ಲಿ ಸತ್ತವನ ಪ್ರೇತ, ಅವನ ಕತ್ತಿ ಕವಚ, ಅವನನ್ನು ಕೊಂದದ್ದು, ಎಲ್ಲವೂ ಎದುರಾಗುತ್ತವೆ. ಆ ವಸ್ತುಗಳಲ್ಲಿ ಬಹುಪಾಲು ಶಾಪ ತಗುಲಿದವು. ಯೋಚಿಸದೆ ತೊಟ್ಟರೆ ಕೆಟ್ಟೆವು. ಅದನ್ನು ಪರೀಕ್ಷಿಸುವ ಉಪಾಯ ತಮಾಷೆಯದು. ಜೊತೆಯಲ್ಲಿರುವ ಸಾಕುಬೆಕ್ಕು ಆ ವಸ್ತುವಿನ ಮೇಲೆ ಹೆಜ್ಜೆ ಇಡಲು ಹಿಂಜರಿದರೆ ಅದಕ್ಕೆ ಶಾಪ ಇದೆಯೆಂದು ಅರ್ಥ. ಹುಡುಗ ಬೆಕ್ಕನ್ನು ಅಡ್ಡಾಡಿಸುತ್ತ ಒಂದೊಂದನ್ನೇ ಪರೀಕ್ಷಿಸಿ ಒಳ್ಳೆಯದನ್ನು ಆರಿಸಿಕೊಂಡ. ತೇಲುವ ಕಣ್ಣು ಇನ್ನೂ ಅಲ್ಲೇ ಇತ್ತು. ಈ ಸಲ ಸುತ್ತು ಹಾಕಿ ಹೋದ.

ನಾವು ಮಾಡಿದ ತಪ್ಪೂ ಹೀಗೆಯೇ ನಾವಿದ್ದ ಜಾಗದಲ್ಲಿ ಉಳಿಯುತ್ತದೆ, ಅಲ್ಲವೇ? ನಮ್ಮ ಹಿಂದೆ ಆ ಮನೆಗೆ ಕಾಲಿಡುವವರು ಅದರ ನಡುವೆಯೇ ನಡೆಯಬೇಕು. ತಿದ್ದುವುದು ನಮ್ಮ ಕೈಯಲ್ಲಿಲ್ಲ. ಯಾವುದರಲ್ಲಿ ಶಾಪವಿದೆ, ಯಾವುದನ್ನು ಮುಟ್ಟಬಾರದು ಎಂದು ಹೇಳುವುದಾದರೂ ಕೈಯಲ್ಲಿದೆ. ಮುಚ್ಚಿಟ್ಟರೆ ಅದೂ ಇಲ್ಲ.

ಹುಡುಗ ಊರಿಗೆ ಹೊರಟ ದಿನ ರಾತ್ರಿ ಗಂಡನಿಗೆ, ಸೊಸೆಗೆ ಕೂತು ಎಲ್ಲವನ್ನೂ ಹೇಳಿದೆ. "ಅವಳು ಏನಂದಳು?" ಎಂದು ಇವರು ಕೇಳಿದರು. "ಏನೂ ಅನ್ನಲಿಲ್ಲ," ಎಂದೆ. ಎದ್ದು ಜಗಲಿಗೆ ಹೋಗಿ ಕುಳಿತರು. ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ತಾವೇ ಅಕ್ಕನ ಫೋಟೋ ಇಳಿಸಿ, ಗಾಜು ಒರೆಸಿ ಮತ್ತೆ ತೂಗುಹಾಕಿದರು. ನನ್ನನ್ನು ಕ್ಷಮಿಸಿದರೋ ಇಲ್ಲವೋ ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ.

ಸೊಸೆ ಅಂದು ಏನೂ ಹೇಳಿರಲಿಲ್ಲ. ವಾರ ಕಳೆದ ಮೇಲೆ ಯಾವುದೋ ಸಣ್ಣ ವಿಷಯಕ್ಕೆ ನಮ್ಮಿಬ್ಬರಲ್ಲಿ ಮಾತು ಬೆಳೆಯಿತು. ನನ್ನ ನಾಲಿಗೆಯ ತುದಿಗೆ ಏನೋ ಬಂದಿತ್ತು. ಅವಳ ನಾಲಿಗೆಯ ಮೇಲೂ ಇದ್ದಿರಬೇಕು. ಇಬ್ಬರೂ ಒಂದು ಕ್ಷಣ ತಡೆದು ನಿಂತೆವು. ಆಮೇಲೆ ಅವಳು ಒಲೆಯ ಕಡೆ ತಿರುಗಿ, "ಕಾಫಿಗೆ ನೀರಿಡಲಾ ಅತ್ತೆ?" ಎಂದಳು.

"ಇಡು," ಎಂದೆ.