ಕಷ್ಟಕಾಲದ ಹರ್ಷ

ಮನೆಯಲ್ಲಿ ದುಃಖವಿರುವಾಗ ನಗಬಹುದೇ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ಕಂಡರೂ ಧರ್ಮಸೂಕ್ಷ್ಮದಿಂದ ಕೂಡಿದುದು. ಸಾಲ, ವ್ಯಾಧಿ, ಬಂಧುವಿಯೋಗ ಇವುಗಳ ನಡುವೆ ಒಬ್ಬನು ಹೂವನ್ನು ಕಂಡು ಹಿಗ್ಗಿದರೆ ಅವನನ್ನು ಕಠಿನಹೃದಯನೆಂದೋ ಹೊಣೆಗೇಡಿಯೆಂದೋ ಎಣಿಸತಕ್ಕವರುಂಟು. ಹಾಗೆ ಎಣಿಸುವವರಲ್ಲಿ ಅನೇಕವೇಳೆ ಅವನೇ ಮೊದಲಿಗನು. ನಕ್ಕ ಮರುಕ್ಷಣವೇ ಏನೋ ಅಪರಾಧ ಮಾಡಿದೆನೆಂಬ ಅಳುಕು ಅವನನ್ನು ಹಿಡಿಯುತ್ತದೆ. ಈ ಅಳುಕು ನ್ಯಾಯವಾದುದೇ?

ಅಯೋಧ್ಯಾಕಾಂಡದ 94 ಮತ್ತು 95ನೆಯ ಸರ್ಗಗಳಲ್ಲಿ ಶ್ರೀರಾಮನು ಸೀತೆಗೆ ಚಿತ್ರಕೂಟ ಪರ್ವತವನ್ನೂ ಮಂದಾಕಿನೀ ನದಿಯನ್ನೂ ತೋರಿಸುತ್ತಾನೆ. ಧಾತುಗಳಿಂದ ಬಣ್ಣಬಣ್ಣವಾದ ಶಿಖರಗಳು, ಹೂತ ಮರಗಳು, ನದಿಯ ಮರಳುದಿಣ್ಣೆಗಳು, ಹಂಸ ಸಾರಸಗಳು, ಇವನ್ನೆಲ್ಲ ತೋರುತ್ತ, ಈ ಗಿರಿಯನ್ನು ನೋಡುವಾಗ ರಾಜ್ಯವನ್ನು ಕಳೆದುಕೊಂಡುದಾಗಲಿ ಮಿತ್ರರನ್ನು ಅಗಲಿದುದಾಗಲಿ ತನ್ನ ಮನಸ್ಸನ್ನು ಬಾಧಿಸದೆಂದು ಹೇಳುತ್ತಾನೆ. ವನವಾಸದಿಂದ ತನಗೆ ಎರಡು ಫಲಗಳು ದೊರೆತುವೆಂದೂ ಎಣಿಸುತ್ತಾನೆ: ತಂದೆಯು ಧರ್ಮದ ಋಣದಿಂದ ಬಿಡುಗಡೆಯಾದನು, ಭರತನಿಗೆ ಪ್ರಿಯವಾಯಿತು.

ವಾಚಕರು ಗಮನಿಸಬೇಕಾದುದು ಕವಿಯು ಈ ವರ್ಣನೆಯನ್ನು ಇಟ್ಟಿರುವ ಸ್ಥಾನವನ್ನು. ದಶರಥನು ಆಗಲೇ ಮೃತನಾಗಿದ್ದಾನೆ. ಭರತನ ಸೈನ್ಯವು ಬೆಟ್ಟದ ಸಮೀಪಕ್ಕೆ ಬಂದಿದೆ. ನಮಗೆ ಇದು ಗೊತ್ತು, ರಾಮನಿಗೆ ಗೊತ್ತಿಲ್ಲ. ವಿಧಿಯು ಅವನ ಸಂತೋಷವನ್ನು ಅಣಕಿಸುತ್ತಿದೆಯೆಂದು ಇದಕ್ಕೆ ಅರ್ಥಮಾಡಬಹುದು. ನನಗೆ ಹಾಗೆ ತೋರುವುದಿಲ್ಲ. ಮರಣವಾರ್ತೆಯನ್ನು ಕೇಳಿ ರಾಮನು ಮೂರ್ಛೆಹೋಗುತ್ತಾನೆ, ಅಳುತ್ತಾನೆ. ಹರ್ಷವು ಅವನ ಹೃದಯವನ್ನು ಕಲ್ಲುಮಾಡಿರಲಿಲ್ಲ. ಆದರೆ ಅತ್ತು ಅಲ್ಲಿಯೇ ಕುಳಿತುಬಿಡಲಿಲ್ಲ; ಮಂದಾಕಿನಿಗೆ ಇಳಿದು ಜಲತರ್ಪಣವನ್ನಿತ್ತನು, ತಾನು ತಿನ್ನುವ ಇಂಗುದಿಯ ಹಿಂಡಿಯಿಂದಲೇ ಪಿಂಡಪ್ರದಾನ ಮಾಡಿದನು, ಬಳಿಕ ಭರತನ ಪ್ರಾರ್ಥನೆಗಾಗಲಿ ಜಾಬಾಲಿಯ ತರ್ಕಕ್ಕಾಗಲಿ ಕೊಟ್ಟ ಮಾತಿನಿಂದ ಕದಲಲಿಲ್ಲ. ಅರಣ್ಯವನ್ನು ಶಿಕ್ಷೆಯೆಂದು ಹಲ್ಲುಕಚ್ಚಿ ಸಹಿಸುತ್ತಿದ್ದವನಾಗಿದ್ದರೆ, ರಾಜ್ಯವು ತಾನಾಗಿ ಕಾಲಬಳಿಗೆ ಬಂದ ಆ ದಿನ ಅಷ್ಟು ಸುಲಭವಾಗಿ ಬೇಡವೆನ್ನಬಲ್ಲನೇ?

ಅದೇ ರಾಮನು ಮುಂದೆ ಪಂಪಾತೀರದಲ್ಲಿ ನಿಂತಾಗ ವಸಂತದ ಗಾಳಿಯೂ ದುಂಬಿಯೂ ಅವನನ್ನು ಸುಡುತ್ತವೆ. ಆ ಸರೋವರವು ನಮ್ಮ ಆನೆಗೊಂದಿಯ ಬಳಿಯದೇ ಎಂಬುದು ಸಂಪ್ರದಾಯ. ಚೆಲುವಿಗೆ ಅಲ್ಲಿ ಕೊರತೆಯಿಲ್ಲ, ತೋರಿಸಲು ಸೀತೆಯಿಲ್ಲ. ಹರ್ಷವು ಬೆಟ್ಟದಲ್ಲಾಗಲಿ ಹೂವಿನಲ್ಲಾಗಲಿ ಇರುವ ವಸ್ತುವಲ್ಲವೆಂಬುದು ಇದರಿಂದ ಸ್ಪಷ್ಟ. ಇನ್ನು ಲಕ್ಷ್ಮಣನ ವಿವೇಕವನ್ನು ನೋಡಿರಿ: ಅಣ್ಣಾ, ಸಂತೋಷಪಡು ಎಂದು ಅವನು ಹೇಳುವುದಿಲ್ಲ, ಉತ್ಸಾಹಕ್ಕಿಂತ ಮಿಗಿಲಾದ ಬಲವಿಲ್ಲವೆಂದಷ್ಟೇ ಜ್ಞಾಪಿಸುತ್ತಾನೆ.

ಭರತಮುನಿಯು ಹರ್ಷವನ್ನು 33 ವ್ಯಭಿಚಾರಿಭಾವಗಳಲ್ಲಿ ಸೇರಿಸಿ, ಉತ್ಸಾಹವನ್ನು ವೀರರಸದ ಸ್ಥಾಯಿಭಾವವೆಂದು ಗಣಿಸಿದ್ದಾನೆ. ನಾಟ್ಯಕ್ಕೆ ಹೇಳಿದ ಈ ವಿಭಾಗವು ಸಂಸಾರಕ್ಕೂ ಒಪ್ಪುವಂತಿದೆ. ಹರ್ಷವು ಬಂದು ಹೋಗತಕ್ಕದ್ದು, ನಿಲ್ಲೆಂದರೆ ನಿಲ್ಲದು. ಆದರೆ ಬಂದುಹೋಗುವಾಗ ಅದು ಸ್ಥಾಯಿಯಾದ ಉತ್ಸಾಹಕ್ಕೆ ಎಣ್ಣೆಯೆರೆದು ಹೋಗುತ್ತದೆ. ಬಂದಾಗ ಅಳುಕಿನಿಂದ ಬಾಗಿಲು ಮುಚ್ಚಿದವನ ದೀಪವು ಕ್ರಮೇಣ ಆರುತ್ತದೆ. ಅವನಿಂದ ರೋಗಿಗೆ ಶುಶ್ರೂಷೆಯೂ ಆಗದು, ಮಕ್ಕಳಿಗೆ ಧೈರ್ಯವೂ ದೊರೆಯದು. ಇಷ್ಟರಿಂದ, ಹೊಟ್ಟೆತುಂಬಿದವನು ಹಸಿದವನಿಗೆ ಹರ್ಷೋಪದೇಶ ಮಾಡಬಹುದೆಂದು ತಿಳಿಯಬಾರದು. ಅದಕ್ಕಿಂತ ಕ್ರೂರವಾದ ಮಾತು ಬೇರೊಂದಿಲ್ಲ. ಹರ್ಷವನ್ನು ಹಂಚಿಕೊಳ್ಳಬಹುದು, ವಿಧಿಸಲಾಗದು.

ಪುರಾಣಪುರುಷರಿಗೆ ಎಲ್ಲವೂ ಸಾಧ್ಯವೆನ್ನುವವರಿಗೆ ನಂದಳಿಕೆಯ ಲಕ್ಷ್ಮೀನಾರಣಪ್ಪನನ್ನು, ಎಂದರೆ ಮುದ್ದಣನನ್ನು, ತೋರಿಸಬಹುದು. 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುವ ಅಲ್ಪವೇತನದ ಉಪಾಧ್ಯಾಯನಾಗಿ, ಬಡತನದಲ್ಲಿ ಬಾಳಿ, 1901ರಲ್ಲಿ ಕ್ಷಯದಿಂದ ತೀರಿಕೊಂಡವನು. ಅವನ ‘ಶ್ರೀರಾಮಾಶ್ವಮೇಧ’ದ ಚೌಕಟ್ಟೋ ಗಂಡಹೆಂಡಿರ ಸರಸಸಲ್ಲಾಪ. ಹೊರಗೆ ಮಳೆಗಾಲ, ಹೊತ್ತು ಕಳೆಯಲು ಕತೆ ಹೇಳೆಂದು ಮನೋರಮೆ ಕೇಳುತ್ತಾಳೆ, ಅವನು ಸಂಸ್ಕೃತಭೂಯಿಷ್ಠವಾಗಿ ತೊಡಗಿದರೆ ಅದು ತನ್ನ ಗಂಟಲಿಗೆ ಇಳಿಯದೆಂದು ತಡೆದು, ತಿಳಿಗನ್ನಡದಲ್ಲಿ ಹೇಳಿಸುತ್ತಾಳೆ. (ಪಾಠಶಾಲೆಯಲ್ಲಿ ಕಲಿತ ನಮ್ಮಂಥವರಿಗೂ ಅದು ತಕ್ಕ ಪೆಟ್ಟೇ ಸರಿ.) ಆ ಸಲ್ಲಾಪದಿಂದ ಅವನ ಸಂಬಳವು ಹೆಚ್ಚಲಿಲ್ಲ, ರೋಗವು ಇಳಿಯಲಿಲ್ಲ, ಆಯುಸ್ಸು 31 ವರ್ಷವನ್ನು ದಾಟಿ ಹೆಚ್ಚು ದಿನ ನಡೆಯಲಿಲ್ಲ. ತನ್ನ ಹೆಸರನ್ನು ಮರೆಸಿಯೇ ಗ್ರಂಥಗಳನ್ನು ಹೊರಕ್ಕೆ ಕಳುಹಿಸಿದುದರಿಂದ ಜೀವಿತಕಾಲದಲ್ಲಿ ತಕ್ಕ ಕೀರ್ತಿಯೂ ಬರಲಿಲ್ಲ. ಶಾಲೆಯಿಂದ ಬಳಲಿ ಬಂದವನು ದೀಪದ ಮುಂದೆ ಕುಳಿತು, ಮನೋರಮೆಯ ಬಾಯಿಂದ ತನ್ನ ಪಾಂಡಿತ್ಯವನ್ನೇ ಗೇಲಿಮಾಡಿಸುತ್ತ ಬರೆದನು.